ಮಕ್ಕಳ ಕೈಲಿ ಮೊಬೈಲ್ ಇಲ್ದೇನೂ ಇಡೀ ಕ್ಲಾಸಿನ ಉತ್ತರ ಒಂದೇ ಸಲ ತಗೊಳ್ಳೋದು ಹೇಗೆ

"ಅರ್ಥ ಆಯ್ತೇನ್ರೋ" ಅಂತ ಕೇಳಿದ್ರೆ ಇಡೀ ಕ್ಲಾಸು ಒಂದೇ ರಾಗದಲ್ಲಿ "ಆಯ್ತು ಮಿಸ್" ಅನ್ನತ್ತೆ. ಆಮೇಲೆ ಟೆಸ್ಟ್ ಪೇಪರ್ ತಿದ್ದೋಕೆ ಕೂತಾಗ ಗೊತ್ತಾಗತ್ತೆ ನಿಜವಾಗ್ಲೂ ಆಗಿದ್ದು ಎಷ್ಟು ಜನಕ್ಕೆ ಅಂತ. ಕೈ ಎತ್ತಿ ಅಂದ್ರೂ ಅದೇ ಮುಂದಿನ ಬೆಂಚಿನ ಐದಾರು ಕೈ, ಅವ್ರು ಸರಿ ಉತ್ತರ ಹೇಳ್ತಾರೆ, ನಾವು ಖುಷಿಯಾಗಿ ಮುಂದಿನ ಪಾಯಿಂಟಿಗೆ ಹೋಗ್ತೀವಿ, ಹಿಂದೆ ಕೂತಿರೋ ಮೂವತ್ತು ಮಕ್ಕಳ ತಲೇಲಿ ಏನಿದೆ ಅನ್ನೋದು ನಮಗೆ ಗೊತ್ತೇ ಆಗಲ್ಲ.

ನಾನು ಹೈಸ್ಕೂಲಲ್ಲಿ ಸೈನ್ಸ್ ತಗೋತೀನಿ, ಕನ್ನಡ ಮೀಡಿಯಂ. ನಮ್ಮ ಮಕ್ಕಳು ಸ್ಕೂಲಿಗೆ ಫೋನ್ ತರೋ ಹಾಗಿಲ್ಲ, ತರ್ಬೋದು ಅಂದ್ರೂ ಎಷ್ಟೋ ಮನೇಲಿ ಇರೋದು ಒಂದೇ ಫೋನು, ಅದು ಅಪ್ಪನ ಜೊತೆ ಕೆಲಸಕ್ಕೆ ಹೋಗಿರತ್ತೆ. ಹಾಗಾಗಿ ಮಕ್ಕಳು ಅವರವರ ಫೋನಲ್ಲೇ ಉತ್ತರ ಒತ್ತೋ ಕಹೂಟ್, ಮೆಂಟಿಮೀಟರ್ ತರದವು ನಮಗೆ ಆಗಿಬರಲ್ಲ. ನಮಗೆ ಆಗಿಬಂದಿದ್ದು ಪ್ಲಿಕರ್ಸ್ ಅನ್ನೋ ಆ್ಯಪು. ಮಕ್ಕಳ ಕೈಲಿ ಒಂದೊಂದು ಕಾಗದದ ಕಾರ್ಡ್, ಟೀಚರ್ ಕೈಲಿ ಒಂದೇ ಒಂದು ಫೋನು, ಅಷ್ಟೇ. ಮೂರ್ನಾಲ್ಕು ವರ್ಷದಿಂದ ಬಳಸ್ತಾ ಇದೀನಿ, ಹೇಗೆ ಮಾಡ್ಬೇಕು, ಎಲ್ಲಿ ಎಡವಟ್ಟಾಗತ್ತೆ ಎಲ್ಲಾ ಬರೀತೀನಿ. ಆದ್ರೆ ಒಂದು ಮಾತು ಈಗಲೇ ಹೇಳ್ಬಿಡ್ತೀನಿ, ಕಾರ್ಡು ಸ್ಕ್ಯಾನು ಎಲ್ಲಾ ಒಂದು ದಿನದಲ್ಲಿ ಕಲಿಯೋ ವಿಷಯ, ಕಷ್ಟ ಇರೋದು ಪ್ರಶ್ನೆ ಮಾಡೋದ್ರಲ್ಲಿ ಮತ್ತೆ ಉತ್ತರ ಬಂದ್ಮೇಲೆ ನೀವು ಏನ್ ಮಾಡ್ತೀರಿ ಅನ್ನೋದ್ರಲ್ಲಿ. ಅದಕ್ಕೇ ಆ ಭಾಗನ ಜಾಸ್ತಿ ಬರ್ದಿದೀನಿ.

ಕಾರ್ಡ್ ತಯಾರಿ

ಪ್ಲಿಕರ್ಸ್ ವೆಬ್‌ಸೈಟಲ್ಲಿ ಗೂಗಲ್ ಅಕೌಂಟಿಂದ ಲಾಗಿನ್ ಆಗಿ, ಫ್ರೀ ಅಕೌಂಟೇ ಸಾಕು. ಕಾರ್ಡುಗಳ ಪಿಡಿಎಫ್ ಅಲ್ಲೇ ಸಿಗತ್ತೆ. 40 ಕಾರ್ಡಿನ ಸೆಟ್ ಇದೆ, ದೊಡ್ಡ ಕ್ಲಾಸಿಗೆ 63 ಕಾರ್ಡಿನ ಸೆಟ್ಟೂ ಇದೆ. ಪ್ರತಿ ಕಾರ್ಡಲ್ಲೂ ಚೌಕ ಚೌಕವಾಗಿ ಒಂದು ಕಪ್ಪು ಚಿತ್ರ, ನೋಡೋಕೆ ಕ್ಯೂಆರ್ ಕೋಡ್ ತರ, ಆದ್ರೆ ದಪ್ಪ ದಪ್ಪಗೆ. ಒಂದು ಕಾರ್ಡಿನ ಚಿತ್ರ ಇನ್ನೊಂದಕ್ಕಿಲ್ಲ. ನಾಲ್ಕು ಬದಿಗೂ ಸಣ್ಣಕ್ಷರದಲ್ಲಿ ಎ, ಬಿ, ಸಿ, ಡಿ ಅಂತ ಇರತ್ತೆ. ಮಗುವಿನ ಉತ್ತರ ಬಿ ಆದ್ರೆ ಬಿ ಇರೋ ಬದಿ ಮೇಲೆ ಬರೋ ಹಾಗೆ ಹಿಡೀಬೇಕು. ಫೋನಿನ ಕ್ಯಾಮೆರಾ ಚಿತ್ರ ನೋಡಿ ಇದು ಯಾರ ಕಾರ್ಡು, ಯಾವ ಬದಿ ಮೇಲಿದೆ ಅಂತ ಓದ್ಕೊಳ್ಳತ್ತೆ. ಪ್ರತಿಯೊಬ್ಬರ ಚಿತ್ರನೂ ಬೇರೆ ಆಗಿರೋದ್ರಿಂದ ಪಕ್ಕದವನದ್ದು ನೋಡಿ ಹಾಗೇ ಹಿಡ್ಕೊಂಡ್ರೆ ಅದೇ ಉತ್ತರ ಆಗಲ್ಲ, ಕಾಪಿ ಹೊಡೆಯೋದು ಅಲ್ಲೇ ಮುಕ್ಕಾಲು ನಿಂತುಹೋಗತ್ತೆ.

ಬಿಳಿ ಹಾಳೆ ಮೇಲೆ ಕಪ್ಪಲ್ಲಿ ಜೆರಾಕ್ಸ್ ಆದ್ರೂ ನಡೆಯತ್ತೆ. ತೆಳ್ಳಗಿದ್ರೆ ಮಡಚಿಕೊಳ್ಳತ್ತೆ, ಹಿಂದಿನ ಬೆಳಕೂ ತೂರಿ ಬರತ್ತೆ, ಅದಕ್ಕೆ ರಟ್ಟಿಗೆ ಅಂಟಿಸಿ. ಹಳೇ ನೋಟ್‌ಬುಕ್ಕಿನ ರಟ್ಟು, ಮದುವೆ ಕಾರ್ಡು ಯಾವುದಾದ್ರೂ ಆಗತ್ತೆ, ಒಂದು ಭಾನುವಾರ ಮೈದಾ ಅಂಟು ಮಾಡ್ಕೊಂಡು ಕೂತ್ರೆ ಮುಗಿಯತ್ತೆ. ಕತ್ತರಿಸುವಾಗ ಕಪ್ಪು ಚಿತ್ರದ ಸುತ್ತ ಇರೋ ಬಿಳಿ ಅಂಚನ್ನ ಕತ್ತರಿಸ್ಬೇಡಿ, ಕ್ಯಾಮೆರಾಗೆ ಆ ಬಿಳಿ ಬೇಕು. ಲ್ಯಾಮಿನೇಷನ್ ಬಗ್ಗೆ ಹುಷಾರು, ನಾನು ಮೊದಲ ಸಲ ಬಾಳಿಕೆ ಬರ್ಲಿ ಅಂತ ಎಲ್ಲದಕ್ಕೂ ಮಿರಿಮಿರಿ ಲ್ಯಾಮಿನೇಷನ್ ಮಾಡಿಸ್ದೆ, ಕ್ಲಾಸಲ್ಲಿ ಟ್ಯೂಬ್‌ಲೈಟ್ ಬೆಳಕು ಅದ್ರ ಮೇಲೆ ಬಿದ್ದು ಹತ್ತಾರು ಕಾರ್ಡು ಸ್ಕ್ಯಾನೇ ಆಗ್ಲಿಲ್ಲ, ಅಷ್ಟನ್ನೂ ಮತ್ತೆ ಪ್ರಿಂಟ್ ತೆಗೆಸಬೇಕಾಯ್ತು. ಮಾಡಿಸೋದೇ ಆದ್ರೆ ಹೊಳಪಿಲ್ಲದ ಮ್ಯಾಟ್ ಕೇಳಿ.

ವೆಬ್‌ಸೈಟಲ್ಲಿ ನಿಮ್ಮ ಕ್ಲಾಸ್ ಸೇರಿಸುವಾಗ ರೋಲ್ ನಂಬರೇ ಕಾರ್ಡ್ ನಂಬರ್ ಆಗೋ ಹಾಗೆ ಅದೇ ಕ್ರಮದಲ್ಲಿ ಹಾಕಿ, ವರ್ಷ ಪೂರ್ತಿ ತಲೆನೋವಿಲ್ಲ. ಮಕ್ಕಳ ಪೂರ್ತಿ ಹೆಸರು, ಇನಿಷಿಯಲ್ ಎಲ್ಲಾ ಅಲ್ಲಿ ಹಾಕೋದು ಬೇಡ, ಕರೆಯೋ ಹೆಸರೋ ಬರೀ ನಂಬರೋ ಸಾಕು.

ಪ್ರಶ್ನೆ ಕನ್ನಡದಲ್ಲೇ ಹಾಕ್ಬೋದು. ಇಲ್ಲಿ ಬಹಳ ಜನ ಸಿಕ್ಕಿಹಾಕ್ಕೊಳ್ತಾರೆ, ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೇ ಫಾಂಟಲ್ಲಿ ಟೈಪ್ ಮಾಡಿಟ್ಟ ಪ್ರಶ್ನೆಪತ್ರಿಕೆಯಿಂದ ಕಾಪಿ ಮಾಡಿ ಪೇಸ್ಟ್ ಮಾಡಿದ್ರೆ ಬರೀ ಚಿತ್ರವಿಚಿತ್ರ ಇಂಗ್ಲಿಷ್ ಅಕ್ಷರ ಬರತ್ತೆ. ಎಲ್ಲಾ ಕಡೆ ಕನ್ನಡವಾಗೇ ಕಾಣೋ ಯೂನಿಕೋಡಲ್ಲಿ ಟೈಪ್ ಮಾಡಿ, ಇಲ್ಲಾಂದ್ರೆ ಫೋನಲ್ಲೇ ಕನ್ನಡ ಕೀಬೋರ್ಡ್ ಇಟ್ಕೊಂಡು ವಾಯ್ಸ್ ಟೈಪಿಂಗ್ ಮಾಡಿ ತಿದ್ಕೊಳ್ಳಿ. ಚಿತ್ರ ಇರೋ ಪ್ರಶ್ನೆಗೆ ಪಠ್ಯಪುಸ್ತಕದ ಚಿತ್ರದ ಫೋಟೋ ತೆಗೆದು ಹಾಕಿದ್ರೂ ಆಯ್ತು.

ಕ್ಲಾಸಲ್ಲಿ ಮೊದಲ ದಿನ

ಮೊದಲ ದಿನ ಪಾಠದ ಪ್ರಶ್ನೆ ಕೇಳ್ಬೇಡಿ. "ಬಿಸಿಯೂಟದಲ್ಲಿ ನಿಮಗೆ ಯಾವುದು ಇಷ್ಟ" ಅಂತ ಒಂದು ಪ್ರಶ್ನೆ ಹಾಕಿ, ಸರಿ ತಪ್ಪು ಇಲ್ಲದ ಸರ್ವೆ ಪ್ರಶ್ನೆ ಮಾಡೋಕೂ ಅದ್ರಲ್ಲಿ ಅವಕಾಶ ಇದೆ. ಕಾರ್ಡ್ ತಿರುಗಿಸೋದು, ಎರಡೂ ಕೈಲಿ ಅಂಚು ಮಾತ್ರ ಹಿಡಿಯೋದು, ಬೆರಳು ಕಪ್ಪು ಚಿತ್ರದ ಮೇಲೆ ಬರ್ದೇ ಇರೋದು, ಎದೆ ಮಟ್ಟಕ್ಕೆ ಅಲ್ಲಾಡಿಸ್ದೇ ಹಿಡಿಯೋದು ಇದಿಷ್ಟೇ ಅವತ್ತಿನ ಪಾಠ. ಹಿಂದಿನ ಬೆಂಚಿನವ್ರು ಸ್ವಲ್ಪ ಮೇಲಕ್ಕೆ ಹಿಡೀಲಿ, ಮುಂದಿನವ್ರ ತಲೆ ಅಡ್ಡ ಬರತ್ತೆ.

ನೀವು ಬೋರ್ಡಿನ ಹತ್ರ ಮಧ್ಯದಲ್ಲಿ ನಿಂತು ಆ್ಯಪಲ್ಲಿ ಸ್ಕ್ಯಾನ್ ಒತ್ತಿ ಫೋನನ್ನ ಎಡಗಡೆಯಿಂದ ಬಲಗಡೆಗೆ ನಿಧಾನಕ್ಕೆ ತಿರುಗಿಸಿ, ಓದ್ಕೊಂಡಿರೋ ಕಾರ್ಡಿನ ಮೇಲೆ ಫೋನಲ್ಲಿ ಬಣ್ಣ ಬೀಳತ್ತೆ, ಸರಿ ಉತ್ತರಕ್ಕೆ ಹಸಿರು, ತಪ್ಪಿಗೆ ಕೆಂಪು. ಇದು ನಿಮ್ಮ ಫೋನಲ್ಲಿ ಮಾತ್ರ ಕಾಣೋದು. ರೂಢಿ ಆದ್ಮೇಲೆ ಇಡೀ ಕ್ಲಾಸು ಅರ್ಧ ನಿಮಿಷದೊಳಗೆ ಮುಗಿಯತ್ತೆ. ಕಿಟಕಿಗೆ ಬೆನ್ನು ಹಾಕಿ ಕೂತಿರೋ ಸಾಲು ಕಪ್ಪಾಗಿ ಕಾಣತ್ತೆ, ಆ ಕಡೆಗೆ ಎರಡು ಹೆಜ್ಜೆ ನಡೆದು ಹೋಗಿ ಸ್ಕ್ಯಾನ್ ಮಾಡಿ.

ಸ್ಮಾರ್ಟ್ ಕ್ಲಾಸ್ ಇದ್ರೆ ಲ್ಯಾಪ್‌ಟಾಪಲ್ಲಿ ಅದೇ ಅಕೌಂಟ್ ಓಪನ್ ಮಾಡಿ ಪ್ರೊಜೆಕ್ಟರಲ್ಲಿ ಪ್ರಶ್ನೆ ತೋರಿಸಿ, ಯಾರ ಯಾರ ಕಾರ್ಡ್ ಓದಿ ಆಯ್ತು ಅನ್ನೋದೂ ಅಲ್ಲಿ ಕಾಣತ್ತೆ. ಪ್ರೊಜೆಕ್ಟರ್ ಇಲ್ಲ ಅಥವಾ ಕರೆಂಟ್ ಹೋಯ್ತು ಅಂದ್ರೆ ಬೋರ್ಡ್ ಮೇಲೆ ಪ್ರಶ್ನೆ ಬರೆದ್ರೂ ಕೆಲಸ ನಿಲ್ಲಲ್ಲ. ಫೋನಿಗೆ ಮಾತ್ರ ಡೇಟಾ ಬೇಕು. ಪ್ರಶ್ನೆನ ಯಾವಾಗ್ಲೂ ಎರಡು ಸಲ ಜೋರಾಗಿ ಓದಿ ಹೇಳಿ. ಹೈಸ್ಕೂಲಿಗೆ ಬಂದ್ರೂ ಸರಾಗವಾಗಿ ಓದೋಕೆ ತಡವರಿಸೋ ಮಕ್ಕಳು ಎಲ್ಲಾ ಕ್ಲಾಸಲ್ಲೂ ಇರ್ತಾರೆ, ಅವ್ರಿಗೆ ಸೈನ್ಸ್ ಗೊತ್ತಿದ್ದೂ ಬರೀ ಓದೋದ್ರಲ್ಲಿ ಹಿಂದೆ ಬಿದ್ದು ಉತ್ತರ ತಪ್ಪಬಾರ್ದು.

ಕಾರ್ಡ್ ಹಂಚೋಕೇ ಐದು ನಿಮಿಷ ಹೋಗತ್ತೆ ಅಂತ ಎಷ್ಟೋ ಜನ ಬಿಟ್ಬಿಡ್ತಾರೆ. ನೋಟ್‌ಬುಕ್ ಹಿಂದೆ ಅಂಟಿಸೋದು ಒಂದು ದಾರಿ, ಆದ್ರೆ ಮಗು ಆ ನೋಟ್ಸ್ ಮರೆತು ಬಂದ ದಿನ ಕಾರ್ಡೂ ಇಲ್ಲ. ನಾನು ಸಾಲಿಗೊಂದು ಕವರ್ ಮಾಡಿದೀನಿ, ಸಾಲಿನ ತುದೀಲಿ ಕೂರೋ ಮಗು ಕವರ್ ತಗೊಂಡು ಪಾಸ್ ಮಾಡತ್ತೆ, ಮುಗಿದ್ಮೇಲೆ ಅದೇ ಕವರಿಗೆ ವಾಪಸ್.

ಪ್ರಶ್ನೆ ಎಲ್ಲಿಂದ ತರೋದು

"ದ್ಯುತಿಸಂಶ್ಲೇಷಣೆ ನಡೆಯೋದು ಸಸ್ಯದ ಯಾವ ಭಾಗದಲ್ಲಿ" ತರದ ಪ್ರಶ್ನೆ ಕೇಳಿದ್ರೆ ಎಲ್ಲಾ ಹಸಿರು ಬರತ್ತೆ, ನಿಮಗೂ ಖುಷಿ ಮಕ್ಕಳಿಗೂ ಖುಷಿ, ಆದ್ರೆ ಯಾರೂ ಏನೂ ಹೊಸದಾಗಿ ಯೋಚನೆ ಮಾಡಿಲ್ಲ. ಬೇಕಾಗಿರೋದು ಮಕ್ಕಳು ನಿಜವಾಗ್ಲೂ ನಂಬಿಕೊಂಡಿರೋ ತಪ್ಪನ್ನ ಹೊರಗೆ ತರೋ ಪ್ರಶ್ನೆ. ಅದಕ್ಕೆ ಹಳೇ ಉತ್ತರಪತ್ರಿಕೆಗಿಂತ ಒಳ್ಳೇ ಜಾಗ ಇನ್ನೊಂದಿಲ್ಲ. ಮಕ್ಕಳು ಬರೆದ ತಪ್ಪು ಉತ್ತರ ಇದ್ಯಲ್ಲ, ಅದನ್ನೇ ಬಿ, ಸಿ, ಡಿ ಆಯ್ಕೆಯಾಗಿ ಹಾಕಿ, ಅವರ ಮಾತಲ್ಲೇ ಹಾಕಿ.

ನಾನು ಮತ್ತೆ ಮತ್ತೆ ಕೇಳೋ ಕೆಲವು ಹೇಳ್ತೀನಿ. ಆರು ಏಳನೇ ಕ್ಲಾಸಿನ ಮ್ಯಾಥ್ಸಲ್ಲಿ 0.5, 0.35, 0.125 ಇದ್ರಲ್ಲಿ ದೊಡ್ಡದು ಯಾವುದು ಅಂತ ಕೇಳಿ, 125 ಅನ್ನೋದು ಕಣ್ಣಿಗೆ ದೊಡ್ಡದಾಗಿ ಕಾಣೋದ್ರಿಂದ ಎಷ್ಟು ಮಕ್ಕಳು 0.125 ಹಿಡೀತಾರೆ ನೋಡಿ. ಒಂಬತ್ತನೇ ಕ್ಲಾಸಿಗೆ, ನೆಟ್ಟಗೆ ಮೇಲಕ್ಕೆ ಎಸೆದ ಚೆಂಡು ತೀರಾ ಮೇಲೆ ಹೋಗಿ ಒಂದು ಕ್ಷಣ ನಿಂತಾಗ ಅದ್ರ ಮೇಲೆ ಬಲ ಯಾವ ಕಡೆಗಿದೆ, ಮೇಲಕ್ಕಾ, ಕೆಳಕ್ಕಾ, ಬಲವೇ ಇಲ್ವಾ? "ನಿಂತಿದೆ ಅಂದ್ಮೇಲೆ ಬಲ ಇಲ್ಲ" ಅನ್ನೋರೇ ಜಾಸ್ತಿ, ವೇಗ ಸೊನ್ನೆ ಆಗೋದಕ್ಕೂ ಬಲ ಸೊನ್ನೆ ಆಗೋದಕ್ಕೂ ವ್ಯತ್ಯಾಸ ಅಲ್ಲಿಂದಾನೇ ಶುರು ಮಾಡ್ಬೇಕು. ಹತ್ತನೇ ಕ್ಲಾಸಿಗೆ, ಒಂದು ಹಲಸಿನ ಬೀಜದಿಂದ ಅಷ್ಟು ದೊಡ್ಡ ಮರ ಆಯ್ತಲ್ಲ, ಒಣಗಿಸಿ ತೂಗಿದ್ರೆ ಆ ತೂಕದ ಬಹುಪಾಲು ಎಲ್ಲಿಂದ ಬಂತು, ಮಣ್ಣಿಂದಾ, ಗೊಬ್ಬರದಿಂದಾ, ಗಾಳಿಯಿಂದಾ, ಬಿಸಿಲಿಂದಾ? ಹೊಲ ತೋಟ ನೋಡಿ ಬೆಳೆದ ಮಕ್ಕಳು ಮಣ್ಣು ಗೊಬ್ಬರ ಅಂತಾನೇ ಹಿಡೀತಾರೆ, ಅವರ ಅನುಭವ ಅದು, ಅದನ್ನ ತಳ್ಳಿಹಾಕ್ಬಾರ್ದು. ಆಗ ನಾನು ಬೆಲ್ಜಿಯಂ ಕಡೆಯ ಫಾನ್ ಹೆಲ್ಮಾಂಟ್ ಮಾಡಿದ ಪ್ರಯೋಗ ಹೇಳ್ತೀನಿ. 1648ರಲ್ಲಿ ಅಚ್ಚಾಗಿದ್ದು ಅದು, ಸುಮಾರು 90 ಕೆಜಿ ಒಣಮಣ್ಣಲ್ಲಿ ಎರಡೂಕಾಲು ಕೆಜಿ ತೂಕದ ಒಂದು ಗಿಡ ನೆಟ್ಟು 5 ವರ್ಷ ಬರೀ ನೀರು ಹಾಕಿದ್ರು, ಗಿಡ 77 ಕೆಜಿಗೆ ಹತ್ರ ಆಯ್ತು, ಮಣ್ಣು ಕಮ್ಮಿ ಆಗಿದ್ದು 60 ಗ್ರಾಮೂ ಇಲ್ಲ. ಹಾಗಾದ್ರೆ ಎಲ್ಲಾ ನೀರೇ ಅಂತ ಅವ್ರು ತೀರ್ಮಾನ ಮಾಡಿದ್ರು, ಅದೂ ಪೂರ್ತಿ ಸರಿ ಅಲ್ಲ, ಗಾಳಿಯ ಕಾರ್ಬನ್ ಡೈ ಆಕ್ಸೈಡ್ ಲೆಕ್ಕಕ್ಕೆ ಬರೋಕೆ ಇನ್ನೂ ಬಹಳ ಕಾಲ ಬೇಕಾಯ್ತು. ಅಷ್ಟು ದೊಡ್ಡ ವಿಜ್ಞಾನಿನೂ ತಪ್ಪಿದ್ರು ಅಂತ ಕೇಳಿದಾಗ ಮಣ್ಣು ಅಂದಿದ್ದ ಮಗುವಿನ ಮುಖ ನೋಡ್ಬೇಕು.

ಉತ್ತರ ಬಂದ್ಮೇಲೆ ಏನು

ಇದೇ ಮುಖ್ಯ. ಬಹಳಷ್ಟು ಕಡೆ ಸ್ಕ್ಯಾನ್ ಆದ ತಕ್ಷಣ ಸರಿ ಉತ್ತರ ತೋರಿಸಿ ಚಪ್ಪಾಳೆ ಹೊಡೆಸಿ ಮುಂದಿನ ಪ್ರಶ್ನೆಗೆ ಹೋಗ್ಬಿಡ್ತಾರೆ, ಅಲ್ಲಿಗೆ ಅದು ಕ್ವಿಜ್ ಪ್ರೋಗ್ರಾಂ ಆಗತ್ತೆ, ಪಾಠ ಆಗಲ್ಲ.

ಹಾರ್ವರ್ಡಲ್ಲಿ ಫಿಸಿಕ್ಸ್ ಹೇಳ್ಕೊಡ್ತಿದ್ದ ಎರಿಕ್ ಮಜೂರ್ ಅನ್ನೋ ಪ್ರೊಫೆಸರ್ 1991ರಲ್ಲಿ ಒಂದು ಕ್ರಮ ಶುರು ಮಾಡಿದ್ರು. ತಮ್ಮ ಸ್ಟೂಡೆಂಟ್ಸು ಸೂತ್ರ ಹಾಕಿ ಲೆಕ್ಕ ಎಲ್ಲಾ ಬಿಡಿಸ್ತಾರೆ, ಆದ್ರೆ ಸರಳವಾಗಿ ಬಲ ಅಂದ್ರೇನು ಅಂತ ಕೇಳಿದ್ರೆ ತಡಬಡಾಯಿಸ್ತಾರೆ ಅಂತ ಅವ್ರಿಗೆ ಗೊತ್ತಾಗಿದ್ದೇ ಅದಕ್ಕೆ ಕಾರಣ. ಪ್ರಶ್ನೆ ಹಾಕೋದು, ಮೊದಲು ಒಬ್ಬೊಬ್ಬರೇ ಯೋಚನೆ ಮಾಡಿ ಉತ್ತರ ಕೊಡೋದು, ಆಮೇಲೆ ಸರಿ ಉತ್ತರ ಹೇಳದೇನೇ ಪಕ್ಕದವ್ರ ಜೊತೆ ವಾದ ಮಾಡೋಕೆ ಬಿಡೋದು, ಮತ್ತೆ ಅದೇ ಪ್ರಶ್ನೆಗೆ ಎರಡನೇ ಸಲ ಉತ್ತರ ತಗೊಳ್ಳೋದು. ಅವರದ್ದೇ ಒಂದು ಅಂದಾಜು ಲೆಕ್ಕ ಇದೆ: ಸರಿ ಉತ್ತರ 30 ಪರ್ಸೆಂಟಿಗಿಂತ ಕಮ್ಮಿ ಬಂದ್ರೆ ಚರ್ಚೆ ದಂಡ, ಪಾಠನೇ ಮತ್ತೆ ಮಾಡಿ. 70ಕ್ಕಿಂತ ಜಾಸ್ತಿ ಬಂದ್ರೆ ಚಿಕ್ಕದಾಗಿ ವಿವರಿಸಿ ಮುಂದೆ ಹೋಗಿ. ಮಧ್ಯದಲ್ಲಿ ಬಂದ್ರೆ ಚರ್ಚೆಗೆ ಬಿಡಿ. ನಾನು ಕಣ್ಣುಮುಚ್ಕೊಂಡು ಇದನ್ನೇ ಫಾಲೋ ಮಾಡ್ತೀನಿ.

ಒಂದು ದಿನದ್ದು ಹೇಳ್ತೀನಿ. ಏಳನೇ ಕ್ಲಾಸು, ಉಷ್ಣದ ಪಾಠ. ಎರಡು ಐಸ್ ತುಂಡು, ಒಂದನ್ನ ತಟ್ಟೇಲಿ ಹಾಗೇ ಇಡ್ತೀವಿ, ಇನ್ನೊಂದನ್ನ ಕಂಬಳೀಲಿ ಸುತ್ತಿ ಇಡ್ತೀವಿ, ಯಾವುದು ಬೇಗ ಕರಗತ್ತೆ ಅಂತ ಪ್ರಶ್ನೆ. ಒಂದು ನಿಮಿಷ ಮಾತಿಲ್ಲ. ಸ್ಕ್ಯಾನ್ ಮಾಡಿದ್ರೆ ಮೂರರಲ್ಲಿ ಒಂದು ಪಾಲು ಮಾತ್ರ ಹಸಿರು, ಉಳಿದವ್ರು ಬಹುತೇಕ "ಕಂಬಳೀಲಿ ಇರೋದು" ಅಂತ. ಅವರ ಲೆಕ್ಕ ಸರಿನೇ ಇದೆ, ಕಂಬಳಿ ಹೊದ್ರೆ ಬೆಚ್ಚಗಾಗತ್ತೆ, ಬೆಚ್ಚಗಾದ್ರೆ ಐಸ್ ಕರಗತ್ತೆ. ಯಾವ ಉತ್ತರಕ್ಕೆ ಎಷ್ಟು ಜನ ಅನ್ನೋ ಗ್ರಾಫ್ ನಾನು ತೋರಿಸ್ಲಿಲ್ಲ, ಸರಿ ಉತ್ತರನೂ ಹೇಳ್ಲಿಲ್ಲ, "ನಿಮ್ಮ ಉತ್ತರಕ್ಕಿಂತ ಬೇರೆ ಉತ್ತರ ಹಿಡಿದವ್ರನ್ನ ಹುಡುಕಿ, ಯಾಕೆ ಅಂತ ಕೇಳಿ, ಮೂರು ನಿಮಿಷ" ಅಂದೆ. ಗಲಾಟೆ ಶುರುವಾಯ್ತು. ಮೂರನೇ ಬೆಂಚಲ್ಲಿ ಒಬ್ಬ ಹುಡುಗ, ಮಾತೇ ಆಡದವನು, ಪಕ್ಕದವನಿಗೆ ಹೇಳ್ತಿದ್ದ, "ಲೋ, ಮೀನು ಮಾರೋಕೆ ಬರ್ತಾರಲ್ಲ, ಐಸ್ ಮೇಲೆ ಗೋಣಿಚೀಲ ಮುಚ್ಚಿರ್ತಾರೆ, ಅದು ಕರಗ್ಲಿ ಅಂತಾನಾ ಮುಚ್ಚೋದು?" ಪಕ್ಕದವನು ಸ್ವಲ್ಪ ಹೊತ್ತು ಸುಮ್ನಿದ್ದು "ಹಂಗಾದ್ರೆ ಕಂಬಳಿ ಬಿಸಿ ಮಾಡಲ್ವೇನೋ" ಅಂದ. ಆ ಒಂದು ಪ್ರಶ್ನೆ ಬರೋಕೆ ನಾನು ಬೋರ್ಡ್ ಮೇಲೆ ಎಷ್ಟು ಸಲ ಉಷ್ಣನಿರೋಧಕ ಅಂತ ಬರೆದ್ರೂ ಆಗ್ತಿರ್ಲಿಲ್ಲ. ಎರಡನೇ ಸ್ಕ್ಯಾನಲ್ಲಿ ಮುಕ್ಕಾಲು ಕ್ಲಾಸು ಹಸಿರಾಯ್ತು. ಆಮೇಲೆ ಪ್ಲಾಸ್ಟಿಕ್ ಕವರಲ್ಲಿ ಹಾಕಿದ ಎರಡು ಐಸ್ ತುಂಡು ತೆಗೆದು, ಒಂದನ್ನ ಕಂಬಳಿಯೊಳಗೆ ಇನ್ನೊಂದನ್ನ ಟೇಬಲ್ ಮೇಲೆ ಇಟ್ಟೆ. ಪೀರಿಯಡ್ ಮುಗಿಯೋ ಹೊತ್ತಿಗೆ ಟೇಬಲ್ ಮೇಲಿಂದು ಪೂರ್ತಿ ನೀರು, ಕಂಬಳಿ ಬಿಚ್ಚಿದ್ರೆ ಒಳಗಿಂದು ಇನ್ನೂ ತುಂಡಾಗೇ ಇತ್ತು. ಕಂಬಳಿ ಬಿಸಿ ಹುಟ್ಟಿಸಲ್ಲ, ಆ ಕಡೆ ಈ ಕಡೆ ಹೋಗೋ ಬಿಸಿನ ತಡೆಯತ್ತೆ ಅಷ್ಟೇ ಅಂತ ಮಕ್ಕಳೇ ಹೇಳಿದ್ರು.

ಗೊತ್ತಿರೋರು ಗೊತ್ತಿಲ್ಲದೋರಿಗೆ ಹೇಳ್ಕೊಟ್ರು, ಅವ್ರು ಕಾಪಿ ಹೊಡೆದ್ರು ಅಷ್ಟೇ ಅಲ್ವಾ ಅಂತ ನಮ್ಮ ಸ್ಟಾಫ್ ರೂಮಲ್ಲೂ ಕೇಳ್ತಾರೆ. ನ್ಯಾಯವಾದ ಪ್ರಶ್ನೆ. ಅಮೆರಿಕದ ಕೊಲರಾಡೋ ಯೂನಿವರ್ಸಿಟಿಯವ್ರು ತಳಿಶಾಸ್ತ್ರದ ಕ್ಲಾಸಲ್ಲಿ ಇದನ್ನೇ ಪರೀಕ್ಷೆ ಮಾಡಿ 2009ರಲ್ಲಿ ಸೈನ್ಸ್ ಪತ್ರಿಕೇಲಿ ಹಾಕಿದ್ರು. ಚರ್ಚೆ ಆದ್ಮೇಲೆ ಅದೇ ವಿಷಯದ ಮೇಲೆ ಬೇರೆ ಪ್ರಶ್ನೆ ಕೊಟ್ಟು ಒಬ್ಬೊಬ್ಬರೇ ಉತ್ತರಿಸಿ ಅಂದ್ರು, ಆಗಲೂ ಸರಿ ಉತ್ತರ ಹೆಚ್ಚಾಗಿತ್ತು, ಗುಂಪಲ್ಲಿ ಮೊದಲಿಗೆ ಒಬ್ಬರಿಗೂ ಸರಿ ಉತ್ತರ ಗೊತ್ತಿಲ್ದೇ ಇದ್ದಾಗ್ಲೂ. ಹಾಗಾಗಿ ನೀವೂ ಅನುಮಾನ ಇದ್ರೆ ಇನ್ನೊಂದು ಪ್ರಶ್ನೆ ಜೋಡಿ ಮಾಡಿಟ್ಕೊಳ್ಳಿ. ಕಂಬಳಿ ಪ್ರಶ್ನೆ ಆದ್ಮೇಲೆ ನಾನು ಬಿಸಿ ಟೀ ಇರೋ ಎರಡು ಲೋಟದ ಪ್ರಶ್ನೆ ಕೇಳ್ತೀನಿ, ಒಂದಕ್ಕೆ ಬಟ್ಟೆ ಸುತ್ತಿದ್ದು, ಇನ್ನೊಂದಕ್ಕೆ ಇಲ್ಲ.

ಒಂದು ವಿಷಯ ನನಗೆ ರೂಢಿ ಆಗೋಕೆ ತುಂಬಾ ದಿನ ಹಿಡೀತು, ಸುಮ್ನಿರೋದು. ಪ್ರಶ್ನೆ ಕೇಳಿದ್ಮೇಲೆ ಟೀಚರ್‌ಗಳು ಸರಾಸರಿ ಒಂದು ಸೆಕೆಂಡೂ ಕಾಯಲ್ಲ, ಅದನ್ನ ಮೂರು ಸೆಕೆಂಡಿಗೆ ಏರಿಸಿದ್ರೂ ಮಕ್ಕಳ ಉತ್ತರ ಉದ್ದ ಆಗತ್ತೆ, "ಗೊತ್ತಿಲ್ಲ" ಅನ್ನೋದು ಕಮ್ಮಿ ಆಗತ್ತೆ ಅಂತ ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ಅನ್ನೋರು 1970ರ ದಶಕದಲ್ಲೇ ತೋರಿಸಿದಾರೆ. ಕಾರ್ಡ್ ಎತ್ತೋ ಮುಂಚೆ ಪೂರ್ತಿ ಒಂದು ನಿಮಿಷ ಕೊಡಿ, ಆಮೇಲೆ "ಒಂದು ಎರಡು ಮೂರು" ಅಂದಾಗ ಎಲ್ಲರೂ ಒಟ್ಟಿಗೆ ಎತ್ಲಿ. ಮುಂದಿನ ಬೆಂಚಿನ ಚುರುಕು ಮಕ್ಕಳು ಚಡಪಡಿಸ್ತಾರೆ, ಚಡಪಡಿಸ್ಲಿ.

ಕಾಲೇಜಲ್ಲಿ ಪಾಠ ಮಾಡೋರಿಗೆ, ಅಲ್ಲಿ ಸ್ಟೂಡೆಂಟ್ಸ್ ಹತ್ರ ಫೋನ್ ಇರತ್ತೆ, ಮೆಂಟಿಮೀಟರ್, ಕಹೂಟ್, ಗೂಗಲ್ ಫಾರ್ಮ್ಸ್, ನಮ್ಮ ಬೆಂಗಳೂರಲ್ಲೇ 2015ರಲ್ಲಿ ಹುಟ್ಟಿದ ಕ್ವಿಜಿಜ್, ಈಗ ವೇಗ್ರೌಂಡ್ ಅಂತ ಹೆಸರು, ಯಾವುದಾದ್ರೂ ಆಗತ್ತೆ. ಬೇಗ ಒತ್ತಿದವ್ರಿಗೆ ಜಾಸ್ತಿ ಪಾಯಿಂಟ್ ಕೊಡೋ ಆಟದ ಬಗ್ಗೆ ಮಾತ್ರ ನನಗೆ ಮನಸ್ಸಿಲ್ಲ. ಯೋಚನೆ ಮಾಡೋರಿಗೆ ಅಲ್ಲಿ ಶಿಕ್ಷೆ ಆಗತ್ತೆ, ಟೈಮರ್ ತೆಗೆದೋ ಹೆಚ್ಚಿಸಿಯೋ ಬಳಸಿ. ದುಡ್ಡು ಕೊಟ್ಟು ಕ್ಲಿಕರ್ ಡಬ್ಬ (ಬಟನ್ ಒತ್ತಿ ಉತ್ತರ ಕೊಡೋ ಸಣ್ಣ ರಿಮೋಟುಗಳು) ತರಿಸೋಕೆ ಹೋಗೋ ಮುಂಚೆ ಎರಡು ಸಲ ಯೋಚಿಸಿ, ನಾನು ನೋಡಿದ ಒಂದು ಕಾಲೇಜಲ್ಲಿ ಪೂರ್ತಿ ಸೆಟ್ ಬೀರುವಲ್ಲಿ ಬ್ಯಾಟರಿ ಸೋರಿ ಬಿದ್ದಿತ್ತು, ತರಬೇತಿ ಪಡೆದ ಲೆಕ್ಚರರ್ ಟ್ರಾನ್ಸ್‌ಫರ್ ಆದ್ಮೇಲೆ ಯಾರೂ ಮುಟ್ಟಿರ್ಲಿಲ್ಲ.

ನೆಟ್ಟೇ ಸಿಗದ ಊರಾದ್ರೆ? ಎ4 ಹಾಳೆನ ನಾಲ್ಕಾಗಿ ಮಡಚಿ ಒಂದೊಂದು ಭಾಗದಲ್ಲಿ ದೊಡ್ಡದಾಗಿ ಎ, ಬಿ, ಸಿ, ಡಿ ಬರೆಸಿ, ಬೇಕಾದ ಅಕ್ಷರ ಮಾತ್ರ ಕಾಣೋ ಹಾಗೆ ಮಡಚಿ ಎದೆಗೆ ಒತ್ತಿ ಹಿಡೀಲಿ. ಅದೂ ಇಲ್ಲಾಂದ್ರೆ ಕಣ್ಣು ಮುಚ್ಚಿಸಿ ಎದೆ ಹತ್ರ ಬೆರಳು ತೋರಿಸೋದು, ಎ ಗೆ ಒಂದು, ಬಿ ಗೆ ಎರಡು. ಹೆಸರು ಹೆಸರಿಗೆ ಲೆಕ್ಕ ಸಿಗಲ್ಲ, ಆದ್ರೆ ಕ್ಲಾಸು ಎಲ್ಲಿದೆ ಅಂತ ಒಂದು ನೋಟದಲ್ಲಿ ಗೊತ್ತಾಗತ್ತೆ, ಚರ್ಚೆ ಮಾಡಿಸೋಕೆ ಅಷ್ಟು ಸಾಕು.

ಇನ್ನು ಮಾಡ್ಬಾರದ್ದು. ಇದಕ್ಕೆ ಮಾರ್ಕ್ಸ್ ಕೊಡ್ಬೇಡಿ, ಕೊಟ್ಟ ದಿನದಿಂದ ಮಕ್ಕಳು ತಮ್ಮ ಉತ್ತರ ಬಿಟ್ಟು ಬುದ್ಧಿವಂತರ ಉತ್ತರ ಹಿಡೀತಾರೆ. ಮಕ್ಕಳಿಗೂ ಅದನ್ನ ಬಾಯಿಬಿಟ್ಟು ಹೇಳಿ, "ತಪ್ಪಾದ್ರೆ ನನಗೆ ಉಪಯೋಗ, ಎಲ್ಲಿಂದ ಹೇಳ್ಕೊಡ್ಬೇಕು ಅಂತ ಗೊತ್ತಾಗತ್ತೆ" ಅಂತ. ಪ್ರೊಜೆಕ್ಟರಲ್ಲಿ ಹೆಸರಿನ ಪಕ್ಕ ಕೆಂಪು ಕಾಣೋ ಹಾಗೆ ಇಡ್ಲೇಬೇಡಿ. ಪೀರಿಯಡ್‌ಗೆ ಹತ್ತು ಪ್ರಶ್ನೆ ಬೇಡ, ಚರ್ಚೆ ಸೇರಿ ಒಂದಕ್ಕೆ ಏಳೆಂಟು ನಿಮಿಷ ಬೇಕು, 40 ನಿಮಿಷದ ಪೀರಿಯಡಲ್ಲಿ ಎರಡು ಮಾಡಿದ್ರೆ ಬಹಳ ಆಯ್ತು. ಸಿಲಬಸ್ ಮುಗಿಯಲ್ಲ ಅನ್ನೋ ಭಯ ನನಗೂ ಇತ್ತು, ಈಗ ಹಸಿರು ಬಂದ ಕಡೆ ಬೇಗ ಬೇಗ ದಾಟಿ ಹೋಗ್ತೀನಿ, ಮೊದಲು ಅಲ್ಲೂ ಅಷ್ಟೇ ಹೊತ್ತು ಕೂರ್ತಿದ್ದೆ, ಹಾಗಾಗಿ ಲೆಕ್ಕ ಸರಿಹೋಗತ್ತೆ.

ವಾರಕ್ಕೊಂದ್ಸಲ ಪ್ಲಿಕರ್ಸಲ್ಲಿ ರಿಪೋರ್ಟ್ ತೆಗೆದು ನೋಡಿ. ಎರಡು ಥರದ ಮಕ್ಕಳನ್ನ ಹುಡುಕಿ. ಮೊದಲ ಸಲವೂ ಎರಡನೇ ಸಲವೂ ಸತತವಾಗಿ ತಪ್ಪಿರೋರು ಒಂದು, ಅವ್ರ ಪಕ್ಕ ಮಧ್ಯಾಹ್ನದ ಬಿಡುವಲ್ಲಿ ಹತ್ತು ನಿಮಿಷ ಕೂತ್ಕೊಳ್ಳಿ. ಇನ್ನೊಂದು, ಬಾಯಿ ಬಿಡದೇನೇ ಪ್ರತಿ ಸಲ ಸರಿ ಹಿಡಿಯೋರು. ನನ್ನ ಹಿಂದಿನ ಬೆಂಚಲ್ಲಿ ಒಬ್ಬಳು ಹುಡುಗಿ ಜೂನಿಂದ ಆಗಸ್ಟ್ ತನಕ ಒಂದು ಮಾತೂ ಆಡಿರ್ಲಿಲ್ಲ, ರಿಪೋರ್ಟ್ ನೋಡಿದ್ರೆ ಅವಳ ಸಾಲಲ್ಲಿ ಬಹುತೇಕ ಎಲ್ಲಾ ಹಸಿರು. ಎಲ್ಲರ ಮುಂದೆ ಎಬ್ಬಿಸಿ ಹೇಳಿಸ್ಲಿಲ್ಲ, ಮುಂದಿನ ಚರ್ಚೇಲಿ ಅವಳ ಬೆಂಚಿನ ಹತ್ರ ಹೋಗಿ ನಿಂತು "ನೀನ್ ಯಾಕಮ್ಮ ಸಿ ಹಿಡಿದೆ, ಇವಳಿಗೆ ಹೇಳು" ಅಂದೆ ಅಷ್ಟೇ.

ರಿಪೋರ್ಟ್ ಜೊತೆ ಒಂದು ನೂರು ಪೇಜಿನ ನೋಟ್‌ಬುಕ್ಕೂ ಇಟ್ಕೊಳ್ಳಿ. ಪ್ರಶ್ನೆ, ಮೊದಲ ಸಲ ಎಷ್ಟು ಸರಿ, ಎರಡನೇ ಸಲ ಎಷ್ಟು, ಮಕ್ಕಳು ಆಡಿದ ಒಂದೆರಡು ಮಾತು ಇಷ್ಟೇ ಬರೆದಿಡಿ. ಮೊದಲ ಸಲವೇ ಎಲ್ಲಾ ಹಸಿರು ಬಂದ ಪ್ರಶ್ನೆಗೆ ಅಡ್ಡ ಗೀಟು ಎಳೀರಿ, ಆಯ್ಕೆ ಒಂದನ್ನ ಯಾರೂ ಹಿಡಿದಿಲ್ಲ ಅಂದ್ರೆ ಅದನ್ನ ಬದಲಾಯಿಸಿ. ನನ್ನ ನೋಟ್‌ಬುಕ್ಕಲ್ಲಿ ಕಂಬಳಿ ಪ್ರಶ್ನೆ ಪಕ್ಕ "ಗೋಣಿಚೀಲ, ಮೀನು" ಅಂತ ಬರೆದಿದೆ, ಮುಂದಿನ ವರ್ಷ ಚರ್ಚೆ ತಣ್ಣಗಾದ್ರೆ ಅದನ್ನ ನಾನೇ ಎತ್ತಿಕೊಡ್ತೀನಿ.